ಮಂಗಳೇಶನ ಡಬ್ಬಿ
2000ರ ಮೇ ತಿಂಗಳಲ್ಲಿ ಅಮೆರಿಕ ಜಿಪಿಎಸ್‌ನ ಮಸುಕು ತೆಗೆದದ್ದೇ ತಡ, ಆರೆಗಾನ್‌ನಲ್ಲೊಬ್ಬ ಬಕೆಟ್ ಹುಗಿದಿಟ್ಟು ಜಗತ್ತನ್ನೇ ಹುಡುಕಲು ಹಚ್ಚಿದ. ಅದೇ ಜಿಯೋಕ್ಯಾಚಿಂಗ್, ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಆಟ. ನಮ್ಮ ತಂಗಿಯ ಮಕ್ಕಳು ರಜೆಗೆ ಲಂಡನ್ನಿಗೆ ಹೋದಾಗಲೂ ಅರಮನೆ ಬಿಟ್ಟು ಬೆಂಚಿನಡಿ ಕೈಯಾಡಿಸಿದವರು. ಮಹಾಕೂಟದ ಗುಡಿಗಳಿಗೆ ಬಂದಾಗಲೂ ವಿಷ್ಣು ಪುಷ್ಕರಿಣಿಯ ಸುತ್ತ ಮೊಬೈಲ್ ಹಿಡಿದು ತಿರುಗಿದರು.

"ಏನ್ ಕಳಕೊಂಡ್ರೀಪಾ ತಮ್ಮಾ?" ರೊಟ್ಟಿ ಮಾರುವ ಅಜ್ಜಿ ಕೇಳಿದಳು.

"ಏನೂ ಇಲ್ಲಜ್ಜಿ, ಡಬ್ಬಿ ಹುಡುಕಾಕತ್ತೀವಿ."

"ಕಳೀಲಾರದ್ದನ್ನ ಹುಡುಕೂದ? ಕೂಸಗೊಳ್ನ ಬಿಸಲಾಗ ಅಡ್ಡಾಡಸಬ್ಯಾಡ್ರಿ!"

ಚಾಲುಕ್ಯ ದೊರೆ ಮಂಗಳೇಶನಾದರೋ ಇಲ್ಲಿ ಏನನ್ನೂ ಬಚ್ಚಿಡಲಿಲ್ಲ. ಕಂಬ ನೆಟ್ಟು ಢಾಳಾಗಿ ಬರೆಸಿದ. ಆ ಕಂಬವೇ ಈಗ ವಿಜಯಪುರದ ಮ್ಯೂಸಿಯಂನಲ್ಲಿದೆ!

ಡಬ್ಬಿಯಿಂದ ಒಂದು ತೆಗೆದರೆ ಒಂದು ಇಡಬೇಕೆಂಬುದು ಆಟದ ನಿಯಮ. ಅದನ್ನು ಪಾಲಿಸಿದ್ದು ಕೋತಿ ಮಾತ್ರ: ಬಾಳೆಹಣ್ಣು ಒಯ್ದಿತು, ಸಿಪ್ಪೆ ಇಟ್ಟಿತು.