ಬಾಯ್ತಪ್ಪು ಮೀಮಾಂಸೆ ಅಥವಾ ಕೈನರ್ ದೋಷವಿಚಾರ

ಬೇಸ್‌ಬಾಲ್ ಕಾಮೆಂಟರಿಯಲ್ಲಿ ಆಗುವ ತಪ್ಪುಗಳನ್ನು ಜನ ನಕ್ಕು ಬಿಟ್ಟಿದ್ದಾರೆಯೇ ಹೊರತು ಶಾಸ್ತ್ರೀಯವಾಗಿ ವಿಚಾರಿಸಿದಂತಿಲ್ಲ. ಆ ಕೊರತೆ ನೀಗಿಸಲು ಈ ಪ್ರಬಂಧ. ಆಟದಲ್ಲಿ ಒಂಬತ್ತು ಇನಿಂಗ್ಸ್ ಇರುವುದರಿಂದ ಇದಕ್ಕೂ ಒಂಬತ್ತು ಪರಿಚ್ಛೇದಗಳು. ನಗುವವರು ಪುಟ ಮಗುಚಿ ಮುಂದೆ ಹೋಗಬಹುದು. ಈ ಪೀಠಿಕೆಯನ್ನೇ ಒಂದನೆಯ ಪರಿಚ್ಛೇದವೆಂದು ತಿಳಿಯತಕ್ಕದ್ದು.

ಎರಡನೆಯದು ಆಕರ ವಿಚಾರ. ಮುಖ್ಯ ಆಕರ ರಾಲ್ಫ್ ಕೈನರ್ ಅವರು. ಆಡುತ್ತಿದ್ದ ಕಾಲದಲ್ಲಿ, 1946ರಿಂದ 1952ರವರೆಗೆ ಸತತ ಏಳು ವರ್ಷ, ನ್ಯಾಷನಲ್ ಲೀಗಿನಲ್ಲಿ ಹೋಮ್ ರನ್ ಬಾರಿಸುವುದರಲ್ಲಿ ಇವರನ್ನು ಮೀರಿಸಿದವರಿಲ್ಲ. 1962ರಲ್ಲಿ, ನ್ಯೂಯಾರ್ಕ್ ಮೆಟ್ಸ್ ತಂಡ ಹುಟ್ಟಿದ ವರ್ಷವೇ, ಅದರ ಮೈಕಿನ ಮುಂದೆ ಕೂತರು. 2013ರವರೆಗೂ ಪೂರ್ತಿ ಏಳಲಿಲ್ಲ.

ಮೂರನೆಯದು ತರ್ಕದೋಷ. "ಕೇಸಿ ಸ್ಟೆಂಗೆಲ್ ಇವತ್ತು ಬದುಕಿದ್ದಿದ್ದರೆ ಗೋರಿಯೊಳಗೆ ಹೊರಳಾಡುತ್ತಿದ್ದರು" ಎಂದು ಕೈನರ್ ನುಡಿದರೆಂದು ಪ್ರತೀತಿ. ಸ್ಟೆಂಗೆಲ್ ಮೆಟ್ಸ್‌ನ ಮೊದಲ ಮ್ಯಾನೇಜರ್, 1975ರಲ್ಲಿ ತೀರಿಕೊಂಡರು. ಬದುಕಿರುವವರು ಗೋರಿಯೊಳಗೆ ಏಕಿರುತ್ತಾರೆ? ನಮ್ಮ ನೈಯಾಯಿಕರು ಇಂಥದ್ದನ್ನು ಮೊಲದ ಕೊಂಬಿನ ಪಕ್ಕದಲ್ಲಿಡುತ್ತಾರೆ. ಆದರೆ ಜೀವಂತ ಮನುಷ್ಯನನ್ನು ಹೂತುಹಾಕಿದರೆ ಆತ ಹೊರಳಾಡದೆ ಇನ್ನೇನು ಮಾಡಿಯಾನು? ತೀರಿಹೋದವರು ಹೊರಳಾಡುತ್ತಾರೆಂಬ ಲೋಕರೂಢಿಯೇ ಹೆಚ್ಚು ಅಸಂಬದ್ಧ ಎಂಬುದು ನನ್ನ ಬಲವಾದ ಅನುಮಾನ. ಹಾಗೆಯೇ ಅಪ್ಪಂದಿರ ದಿನದಂದು ಕೈನರ್ ಅಪ್ಪಂದಿರಿಗೆಲ್ಲ ಹುಟ್ಟುಹಬ್ಬದ ಶುಭಾಶಯ ಕೋರಿದರಂತೆ. ಮಗು ಹುಟ್ಟುವವರೆಗೆ ಅಪ್ಪನೆಂಬುವನು ಎಲ್ಲಿದ್ದ? ಇದನ್ನು ದೋಷಪಟ್ಟಿಯಿಂದ ಸದ್ಯಕ್ಕೆ ಕೈಬಿಡಲಾಗಿದೆ.

ನಾಲ್ಕನೆಯದು ಭ್ರಾಂತಿಮದಲಂಕಾರ. 1985ರಿಂದ ಮೆಟ್ಸ್‌ಗೆ ಆಡಿದ ಕ್ಯಾಚರ್ ಗ್ಯಾರಿ ಕಾರ್ಟರ್ ಕೈನರ್ ಬಾಯಲ್ಲಿ ಚಿತ್ರನಟ ಗ್ಯಾರಿ ಕೂಪರ್ ಆಗಿಬಿಟ್ಟರು. ಇದು ಅಕ್ಷಮ್ಯ. ಕೂಪರ್ 1942ರ ಚಿತ್ರವೊಂದರಲ್ಲಿ ಲೂ ಗೆರಿಗ್ ಪಾತ್ರ ಮಾಡಿ ಬೇಸ್‌ಬಾಲ್ ಆಡಿದ್ದು ನಿಜವಾದರೂ ಆ ತಂಡ ಯಾಂಕೀಸ್. ಮೆಟ್ಸ್‌ನಲ್ಲಿ ಕ್ಯಾಚರ್ ಆಗಿದ್ದಾಗ ಕೂಪರ್ ಅವರ ಮಂಡಿ... ಕಾರ್ಟರ್ ಅವರ ಮಂಡಿ ಎಂದು ಓದಿಕೊಳ್ಳಿ. ಮುಂದಿನ ಪರಿಚ್ಛೇದ.

ಐದನೆಯದು ಸರ್ವನಾಮ ದೋಷ. ಸ್ಯಾನ್ ಡಿಯಾಗೋ ಪ್ಯಾಡ್ರೆಸ್ ತಂಡದ ಕಾಮೆಂಟರಿಕಾರ ಜೆರ್ರಿ ಕೋಲ್ಮನ್ ಎರಡು ಯುದ್ಧಗಳಲ್ಲಿ ವಿಮಾನ ಹಾರಿಸಿ ಕ್ಷೇಮವಾಗಿ ಇಳಿಸಿದವರು. ವಾಕ್ಯವನ್ನು ಇಳಿಸುವುದೇ ಕಷ್ಟವಾಯಿತು. ಚೆಂಡಿನ ಹಿಂದೆ ಓಡಿದ ಡೇವ್ ವಿನ್‌ಫೀಲ್ಡ್ ಗೋಡೆಗೆ ತಲೆ ಬಡಿದುಕೊಂಡರು, "ಅದು" ಉರುಳುತ್ತಾ ಎರಡನೇ ಬೇಸಿನತ್ತ ಬರುತ್ತಿದೆ ಎಂದುಬಿಟ್ಟರಂತೆ. ರೇಡಿಯೋ ಕೇಳುತ್ತಿದ್ದವರಿಗೆ ಚೆಂಡೂ ಕಾಣದು, ತಲೆಯೂ ಕಾಣದು. ಒಂದೇ ಪದಕ್ಕೆ ಎರಡರ್ಥ ಹೊಂದಿಸುವುದಕ್ಕೆ ಆಲಂಕಾರಿಕರು ಶ್ಲೇಷೆ ಎಂದು ಹೆಸರಿಟ್ಟು ಮೆಚ್ಚಿದ್ದಾರೆ. ಕೋಲ್ಮನ್‌ಗೆ ಆ ರಿಯಾಯಿತಿ ಕೊಡಲಾಗದು, ಅವರು ಕಷ್ಟಪಟ್ಟಿಲ್ಲ.

ಆರನೆಯದು ಪೂರ್ವಪಕ್ಷ. ವರ್ಷಕ್ಕೆ 162 ಪಂದ್ಯ, ಒಂದೊಂದೂ ಗಂಟೆಗಟ್ಟಲೆ, ಅದರಲ್ಲಿ ಬಹುಪಾಲು ಪಿಚರ್ ಟೋಪಿ ಸರಿಮಾಡಿಕೊಳ್ಳುವುದು, ಬ್ಯಾಟರ್ ಮಣ್ಣು ಕೆದಕುವುದು. ಅಷ್ಟು ಹೊತ್ತು ಮಾತಾಡಿದರೆ ಯಾರಿಗೆ ತಾನೇ ಬಾಯಿ ತಪ್ಪದು ಎನ್ನುವವರಿದ್ದಾರೆ. ಇದಕ್ಕೆ ಉತ್ತರ ಸಿದ್ಧವಿತ್ತು. ಬರೆದಿಟ್ಟ ಚೀಟಿ ಸಿಗುತ್ತಿಲ್ಲ.

ಏಳನೆಯದು ಫಿಲ್ ರಿಜುಟೊ. 1957ರಿಂದ 1996ರವರೆಗೆ ಯಾಂಕೀಸ್ ಕಾಮೆಂಟರಿ. ಬೇಸ್‌ಬಾಲ್ ಸ್ಕೋರ್ ಪುಸ್ತಕದಲ್ಲಿ ಬ್ಯಾಟರನ ಸರದಿಗೊಂದು ಪುಟ್ಟ ಚೌಕ. ಫೀಲ್ಡರುಗಳಿಗೆ 1ರಿಂದ 9ರವರೆಗೆ ಅಂಕಿ. ಶಾರ್ಟ್‌ಸ್ಟಾಪ್ ಹಿಡಿದು ಫಸ್ಟ್ ಬೇಸಿಗೆ ಎಸೆದು ಔಟ್ ಮಾಡಿದರೆ 6-3. ರಿಜುಟೊ ಪುಸ್ತಕದ ಚೌಕಗಳಲ್ಲಿ ಅಲ್ಲಲ್ಲಿ ಯಾರಿಗೂ ಗೊತ್ತಿಲ್ಲದ ಗುರುತು: ಡಬ್ಲ್ಯೂ ಡಬ್ಲ್ಯೂ. ಏನಿದು ಎಂದು ಕೇಳಿದ್ದಕ್ಕೆ, "ನೋಡುತ್ತಿರಲಿಲ್ಲ" ಎಂಬುದರ ಇಂಗ್ಲಿಷ್ ಮೊದಲಕ್ಷರಗಳು ಎಂದರಂತೆ. ಏಳನೇ ಇನಿಂಗ್ಸ್ ಹೊತ್ತಿಗೆ, ಜಾರ್ಜ್ ವಾಷಿಂಗ್ಟನ್ ಸೇತುವೆಯ ವಾಹನ ಜಂಗುಳಿ ತಪ್ಪಿಸಿಕೊಳ್ಳಲು, ಪಂದ್ಯ ಬಿಟ್ಟು ನ್ಯೂಜೆರ್ಸಿಯ ಮನೆಗೆ ಹೊರಟುಬಿಡುವ ಅಭ್ಯಾಸವೂ ಇತ್ತು. ಇಂಥ ಕರ್ತವ್ಯಲೋಪವನ್ನು ಎಷ್ಟು ಖಂಡಿಸಿದರೂ ಸಾಲದು.

ಈಗ ಗಂಟೆ ಐದೂವರೆ. ನಾನು ಹೆಬ್ಬಾಳದ ಮೇಲ್ಸೇತುವೆ ದಾಟಬೇಕು.

ಎಂಟನೆಯ ಪರಿಚ್ಛೇದ: ನೋ. ಇ.

ಒಂಬತ್ತನೆಯ ಪರಿಚ್ಛೇದ: ನೋ. ಇ.