ಸರ್ಕಾರಿ ಸ್ವತ್ತಿನೊಡನೆ ಒಂದು ಸಂಜೆ

ಹಿರಿಯೂರು ಕಡೆಯ ಶೇಂಗಾ ಹೊಲದಿಂದ ಬೆಂಗಳೂರಿನ ಮೂರನೇ ಮಹಡಿಗೆ ಬಡ್ತಿ ಪಡೆದಿರುವ ಮಣ್ಣುಮುಕ್ಕ ಹಾವಿನ ಮರಿಯೊಂದು ಪ್ಲಾಸ್ಟಿಕ್ ಡಬ್ಬಿಯೊಳಗಿಂದಲೇ ಮಾತಿಗೆ ಒಪ್ಪಿತು. ಯಜಮಾನರು ಫೋನಿನಲ್ಲಿ ಸೈಟು ಮಾರುತ್ತಿದ್ದರು.

ನಮಸ್ಕಾರ. ಯಾವ ತಲೆಯನ್ನು ಮಾತಾಡಿಸಲಿ?

— ನಾಲಗೆ ಆಡುತ್ತಿದೆಯಲ್ಲ, ಅದನ್ನು. ಆ ಕಡೆಯದು ಬಾಲ ಸ್ವಾಮಿ. ಅಪಾಯ ಬಂದರೆ ತಲೆ ಮೈಯಡಿಗೆ ಸೇರಿಸಿ ಬಾಲ ತೋರಿಸುತ್ತೇವೆ, ಕಚ್ಚುವವರು ಅದನ್ನೇ ಕಚ್ಚಲಿ ಅಂತ. ಮುಂಗುಸಿಗೆಂದು ಹೂಡಿದ ಆಟ, ಬಿದ್ದದ್ದು ಮನುಷ್ಯ.

ಇಲ್ಲಿಗೆ ಬಂದದ್ದು ಹೇಗೆ?

— ಹಿಡಿದವನು ಅದೃಷ್ಟ ಅಂತ ಮಾರಿದ. ನನ್ನ ಮೈಯಲ್ಲಿ ಇರಿಡಿಯಂ ಇದೆಯಂತೆ, ಇದ್ದ ಮನೆಗೆ ದುಡ್ಡು ಹರಿದು ಬರುತ್ತದಂತೆ. ನಮ್ಮ ವಂಶ ತಲೆತಲಾಂತರದಿಂದ ಇದ್ದ ಹೊಲದ ಗೌಡರು ಇನ್ನೂ ಸೊಸೈಟಿ ಸಾಲ ತೀರಿಸುತ್ತಿದ್ದಾರೆ. ಇಲಿ ಕಡಿಮೆ ಮಾಡಿದ್ದಷ್ಟೇ ನಾವು ಅವರಿಗೆ ಮಾಡಿಕೊಟ್ಟ ಲಾಭ.

ತಾಯಿಯಿಲ್ಲದ ಮರಿ, ಪಾಪ ಅಂತ ಸಾಕಿದೆ ಎನ್ನುತ್ತಾರೆ ಯಜಮಾನರು.

— ನಮ್ಮ ಜಾತಿಯಲ್ಲಿ ತಾಯಿ ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕಿ ತನ್ನ ದಾರಿ ಹಿಡಿಯುತ್ತಾಳೆ. ಹುಟ್ಟಿದ ದಿನದಿಂದ ನಮ್ಮ ಪಾಡು ನಮ್ಮದು. ಅನಾಥಾಶ್ರಮ ಯಾರು ಕೇಳಿದ್ದರು?

ಕೈಯಲ್ಲಿ ಹಿಡಿದರೂ ಕಚ್ಚುವುದಿಲ್ಲವಂತೆ. ಅಷ್ಟು ಪ್ರೀತಿಯೇ?

— ಹೆದರಿದರೆ ಮುದುಡಿಕೊಂಡು ಸುಮ್ಮನಿರುತ್ತೇನೆ. ಅದನ್ನು ಅವರು ಸಾಧು ಸ್ವಭಾವ ಅಂತ ಸ್ಟೇಟಸ್ ಹಾಕುತ್ತಾರೆ.

ಊಟೋಪಚಾರ?

— ಶುಕ್ರವಾರ ಹಾಲು. ನಾನು ಕುಡಿಯಲಿಲ್ಲ. ಉಪವಾಸ ಅಂದುಕೊಂಡು ಕೈಮುಗಿದರು. ಮನೆ ಶುದ್ಧ ಸಸ್ಯಾಹಾರಿ ನೋಡಿ, ಪನೀರ್ ತುಂಡೂ ಬಂತು. ನನಗೆ ಬೇಕಾದ್ದು ಇಲಿಮರಿ. ಹಿಡಿದು ತಂದ ಹಾವು ಅದನ್ನು ಕೊಟ್ಟರೂ ಎಷ್ಟೋ ಸಲ ಮುಟ್ಟುವುದಿಲ್ಲ, ಆ ಮಾತು ಬೇರೆ. ಹೊಟ್ಟೆಗಿಂತ ದೊಡ್ಡ ಕೊರತೆ ಮಣ್ಣು. ಹಗಲೆಲ್ಲ ಸಡಿಲ ಮಣ್ಣಿನೊಳಗೆ ಇರುವ ಪ್ರಾಣಿ ನಾನು; ಬೆಚ್ಚಗೆ ಬೇಕೆಂದರೆ ಮೇಲೆ, ತಂಪು ಬೇಕೆಂದರೆ ಕೆಳಗೆ. ಇಲ್ಲಿ ಮೇಲೆ ಟ್ಯೂಬ್‌ಲೈಟು, ಕೆಳಗೆ ನ್ಯೂಸ್‌ಪೇಪರು. ಪೊರೆ ಬಿಡಲು ಮೈ ಉಜ್ಜೋಣವೆಂದರೆ ಒಂದು ಒರಟು ಕಲ್ಲಿಲ್ಲ.

ಕಾನೂನು ಏನನ್ನುತ್ತದೆ?

— 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂದರೆ ಮಾತ್ರವಲ್ಲ, ಹಿಡಿದರೂ ಬೇಟೆಯೇ. ಹಾಗೆ ಹಿಡಿದ ಪ್ರಾಣಿ ರಾಜ್ಯ ಸರ್ಕಾರದ ಸ್ವತ್ತು. ಅಂದರೆ ನಾನೂ ವಿಧಾನಸೌಧವೂ ಒಂದೇ ಖಾತೆ. ಅಂಥ ಸ್ವತ್ತು ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ಯಜಮಾನರು ತಿಳಿಸಿದರು, ಜ್ಯೋತಿಷಿಗೆ.

ಈಗ ಬುದ್ಧಿ ಬಂದು ಬಿಟ್ಟುಬಿಟ್ಟರೆ?

— ಅದೇ ಭಯ! ರಾತ್ರೋರಾತ್ರಿ ಲಾಲ್‌ಬಾಗಿನ ಹುಲ್ಲಿಗೆ ಸುರಿದು ಪುಣ್ಯ ಕಟ್ಟಿಕೊಂಡಾರು. ಅಲ್ಲಿ ನನಗೆ ಗುರುತಿನ ಬಿಲ ಯಾವುದಿದೆ? ಅರಣ್ಯ ಇಲಾಖೆಗೆ ಒಪ್ಪಿಸಲಿ, ಎಲ್ಲಿಂದ ತಂದದ್ದೆಂದು ಸುಳ್ಳು ಹೇಳದೆ ತಿಳಿಸಲಿ.

ಅಲ್ಲ, ಸಾಕುಪ್ರಾಣಿ ಅನ್ನುತ್ತಾರೆ, ಡಬ್ಬಿಯ ಪಕ್ಕ ತಕ್ಕಡಿ ಯಾಕೆ?

— ನಮ್ಮ ವ್ಯಾಪಾರ ತೂಕದ ಮೇಲೆ ಸ್ವಾಮಿ. ಮರಿಗೆ ಬೆಲೆಯಿಲ್ಲ, ಕಿಲೋಗಟ್ಟಲೆ ಬೆಳೆದರೆ ಗಿರಾಕಿ ಬರುತ್ತಾನಂತೆ. ಅಲ್ಲಿಯವರೆಗೆ ನಾನು ಮನೆ ಮಗ.

ಅಷ್ಟರಲ್ಲಿ ಯಜಮಾನರು ಫೋನಿಟ್ಟು ಬಂದರು. ಡಬ್ಬಿಯ ಮುಚ್ಚಳ ತೆಗೆದು, ಕೂದಲು ಸರಿಮಾಡಿಕೊಂಡು, ನಮ್ಮ ಛಾಯಾಗ್ರಾಹಕನಿಗೆ ಹೇಳಿದರು: “ಎರಡೂ ತಲೆ ಬೀಳೋ ಹಾಗೆ ತೆಗೀರಿ ಸಾರ್.”