ಡ್ಯಾಶ್‌ಬೋರ್ಡ್ ಬಿಚ್ಚಿಸಿಯೇ ತೀರುವವರಿಗೊಂದು ಬಹಿರಂಗ ಪತ್ರ

ಡುಲುತ್, ಮಿನೆಸೋಟಾ
ಜನವರಿ

ಮಾನ್ಯ ಸಲಹೆಗಾರ ಮಹಾಶಯರೇ,

ನನ್ನ 1999ರ ಡೀಸೆಲ್ ಪಿಕಪ್ಪಿನ ಹೀಟರು ಉಗುರುಬೆಚ್ಚಗಿನ ಗಾಳಿ ಊದುತ್ತಿದೆ ಎಂದು ನಾನು ಬಾಯಿಬಿಟ್ಟದ್ದೇ ತಡ, ನೀವೆಲ್ಲ ಒಕ್ಕೊರಲಿನಿಂದ "ಹೀಟರ್ ಕೋರ್ ಹೋಗಿದೆ" ಎಂದು ತೀರ್ಪು ಕೊಟ್ಟಿರಿ. ಬಾನೆಟ್ ಎತ್ತದೆ, ಗಾಡಿಯ ಹತ್ತಿರವೂ ಸುಳಿಯದೆ, ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡೇ ರೋಗ ಕಂಡುಹಿಡಿಯುವ ನಿಮ್ಮ ವಿದ್ಯೆಗೆ ಕೈಮುಗಿದೆ. ಈ ಗಾಡಿಯಲ್ಲಿ, ಎಂಜಿನ್ನಿನ ಬಿಸಿನೀರಿನಿಂದ ಗಾಳಿ ಕಾಯಿಸುವ ಆ ಹೀಟರ್ ಕೋರಿನ ದರ್ಶನವಾಗಬೇಕಾದರೆ ಎ.ಸಿ. ಗ್ಯಾಸ್ ತೆಗೆಸಬೇಕು, ಸ್ಟೀರಿಂಗ್ ಕಾಲಮ್ ಇಳಿಸಬೇಕು, ಡ್ಯಾಶ್‌ಬೋರ್ಡನ್ನು ಇಡಿಯಾಗಿ ಕಳಚಬೇಕು. ಹೊರಗೆ ಮೈನಸ್ 25 ಡಿಗ್ರಿ. ಇಂಥ ಹೊತ್ತಿನಲ್ಲಿ ಇಷ್ಟು ಸುಲಭದ ಪರಿಹಾರ ಹೊಳೆಯಲು ದೊಡ್ಡ ಮನಸ್ಸೇ ಬೇಕು, ಅದರಲ್ಲೂ ಖರ್ಚು ಬೇರೆಯವರದಾದಾಗ.

ನಾನು ಅಷ್ಟು ಕಲಿತವನಲ್ಲ. ಆದ್ದರಿಂದ ಒಂದು ಕ್ಷುಲ್ಲಕ ಕೆಲಸ ಮಾಡಿದೆ. ಗಾಡಿ ಒಂದಷ್ಟು ದೂರ ಓಡಿಸಿಕೊಂಡು ಬಂದು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಫೈರ್‌ವಾಲ್‌ನೊಳಗೆ ಹೋಗುವ ಎರಡು ರಬ್ಬರ್ ಹೋಸುಗಳನ್ನು ಮುಟ್ಟಿ ನೋಡಿದೆ. ಒಂದು ಒಳಹೋಗುವ ಬಿಸಿನೀರಿಂದು, ಇನ್ನೊಂದು ವಾಪಸು ಬರುವುದು. ಮೊದಲನೆಯದು ಸುಡುತ್ತಿದ್ದು ಎರಡನೆಯದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ, ನಿಮ್ಮ ಮಾತೇ ಸರಿ. ಆಗಲೂ ಎರಡೂ ಹೋಸು ಬಿಚ್ಚಿ ತೋಟದ ಪೈಪಿನಿಂದ ಮೆಲ್ಲಗೆ ಉಲ್ಟಾ ನೀರು ಬಿಟ್ಟು ನೋಡಬಹುದು, ಡ್ಯಾಶ್‌ಬೋರ್ಡಿನ ಮೇಲೆ ಆಗಲೇ ಕೈ ಹಾಕಬೇಕಿಲ್ಲ. ಎರಡೂ ಸುಡುತ್ತಿದ್ದು ಗಾಳಿ ಮಾತ್ರ ತಣ್ಣಗಿದ್ದರೆ ನೀರಿನ ತಪ್ಪಿಲ್ಲ, ಬಿಸಿಗಾಳಿ-ತಣ್ಣನೆ ಗಾಳಿ ಬೆರೆಸುವ ಬ್ಲೆಂಡ್ ಡೋರ್ ಎಂಬ ಪ್ಲಾಸ್ಟಿಕ್ ಬಾಗಿಲು ಮುರಿದಿರಬೇಕು. ನನ್ನವು ಎರಡೂ ಬರೀ ಬೆಚ್ಚಗಿದ್ದವು. ಅಂದರೆ ಕೋರಿಗೆ ಬಿಸಿನೀರೇ ಬರುತ್ತಿಲ್ಲ.

ಕೂಲೆಂಟ್ ಕಡಿಮೆಯಾಗಿ ಗಾಳಿ ಸೇರಿದರೂ ಹೀಗಾಗುತ್ತದೆ. ಡ್ಯಾಶಿನ ಹಿಂದೆ ಗುಳುಗುಳು ಸದ್ದು ಬರುತ್ತದೆ. ನನ್ನದು ತುಂಬಿತ್ತು, ಸದ್ದೂ ಇರಲಿಲ್ಲ. ಉಳಿದ ಅನುಮಾನ, ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಎಂಬ ವಾಲ್ವಿನ ಮೇಲೆ. ಮರುದಿನ ತಣ್ಣನೆಯ ಎಂಜಿನ್ ಶುರು ಮಾಡಿ ರೇಡಿಯೇಟರಿನ ಮೇಲಿನ ಹೋಸಿನ ಮೇಲೆ ಕೈಯಿಟ್ಟುಕೊಂಡು ನಿಂತೆ. ಥರ್ಮೋಸ್ಟಾಟ್ ಸರಿಯಿದ್ದರೆ ಸುಮಾರು 88 ಡಿಗ್ರಿ ಮುಟ್ಟುವವರೆಗೆ ಅದು ಮುಚ್ಚಿರಬೇಕು, ಈ ಹೋಸು ತಣ್ಣಗೇ ಇರಬೇಕು. ಇದೋ, ಎಂಜಿನ್ ಇನ್ನೂ ಮೈ ಕಾಯಿಸಿಕೊಳ್ಳುವ ಮೊದಲೇ ಬೆಚ್ಚಗಾಗತೊಡಗಿತು. ಬಿಚ್ಚಿ ನೋಡಿದರೆ ವಾಲ್ವಿನ ಅಂಚಿಗೆ ತುಕ್ಕಿನ ಚೂರೊಂದು ಸಿಕ್ಕಿಕೊಂಡು, ತಣ್ಣಗಿದ್ದಾಗಲೂ ಉಗುರು ತೂರುವಷ್ಟು ಸಂದು. ಬಿಸಿಯೆಲ್ಲ ಆ ಸಂದಿನಿಂದ ನೇರ ರೇಡಿಯೇಟರಿಗೆ, ಅಲ್ಲಿಂದ ಮಿನೆಸೋಟಾದ ಆಕಾಶಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನೀವು ಕಬ್ಬಿಣ ಕಾಯಿಸಿಯೂ ಆಗಿತ್ತು.

ನಿಮ್ಮಲ್ಲಿ ದಾವಣಗೆರೆ ಕಡೆಯ ಹಿರಿಯರೊಬ್ಬರು "ಥರ್ಮೋಸ್ಟಾಟ್ ಇದ್ದರೇನು, ಬಿಟ್ಟರೇನು, ನಮ್ಮೂರಲ್ಲಿ ಕಿತ್ತೇ ಬಿಸಾಡ್ತಿದ್ವಿ" ಎಂದರು. ನಿಜ ಸ್ವಾಮಿ, ಬಿಸಾಡುತ್ತಿದ್ದಿರಿ. ನನ್ನ ಪಿಕಪ್ಪಿನಲ್ಲಿರುವ ಇದೇ ಕಮಿನ್ಸ್ ಬಿ-ಸರಣಿಯ 5.9 ಲೀಟರ್, ಆರು ಸಿಲಿಂಡರಿನ ಎಂಜಿನ್ನು ಜಮ್‌ಶೆಡ್‌ಪುರದಲ್ಲೂ ತಯಾರಾಗಿ ಟಾಟಾ ಲಾರಿಗಳಲ್ಲಿ ಕೂತು ನಮ್ಮ ಹೆದ್ದಾರಿಗಳಲ್ಲಿ ಲೋಡು ಎಳೆದಿದೆ. ಅಲ್ಲಿ ಏಪ್ರಿಲ್ ಬಿಸಿಲಲ್ಲಿ ಕ್ಯಾಬಿನ್ ಬೆಚ್ಚಗಿಲ್ಲ ಎಂದು ಯಾವ ಡ್ರೈವರೂ ದೂರಿದ್ದಿಲ್ಲ. ಹಾಗಾಗಿ ಆ ಬಿಡಿಭಾಗ ಏನು ಮಾಡುತ್ತದೆಂದು ಯಾರಿಗೂ ತಿಳಿಯದೇ ಹೋಯಿತು. ಕಿತ್ತರೆ ಎಂಜಿನ್ ಸರಿಯಾದ ಬಿಸಿಗೆ ಬಾರದೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ ಎಂಬುದು ಬೇರೆ ಮಾತು.

ಹೊಸ ಥರ್ಮೋಸ್ಟಾಟ್, ಒಂದು ಗ್ಯಾಸ್ಕೆಟ್, ಸೋರಿದಷ್ಟು ಕೂಲೆಂಟ್. ನೀವು ಸೂಚಿಸಿದ ಖರ್ಚಿನ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಣ್ಣ ಬಿಲ್ಲು.

ಈಗ ಹೆದ್ದಾರಿಯಲ್ಲಿ ಕೋಟು ಬಿಚ್ಚಬೇಕು. ಆದರೆ ಅಂಗಡಿ ಮುಂದೆ ಐಡಲ್‌ನಲ್ಲಿ ನಿಲ್ಲಿಸಿದರೆ ಗಾಳಿ ಮತ್ತೆ ತಣ್ಣಗಾಗುತ್ತಾ ಬರುತ್ತದೆ. ಈ ಸಂಗತಿ ಹೇಗೋ ನಿಮ್ಮ ಕಿವಿಗೆ ಬಿದ್ದು, ವಾಟರ್ ಪಂಪ್ ಹೋಗಿದೆ ಎಂಬ ಎರಡನೇ ತೀರ್ಪು ಬಂದಿದೆ. ಪಂಪ್ ಚೆನ್ನಾಗಿದೆ. ಡೀಸೆಲ್ ಎಂಜಿನ್ ಐಡಲ್‌ನಲ್ಲಿ ಎದೆ ತುಂಬ ಗಾಳಿ ಎಳೆದುಕೊಂಡು ಚಿಟಿಕೆಯಷ್ಟು ಇಂಧನ ಉರಿಸುತ್ತದೆ. ಸುತ್ತ ಕ್ವಿಂಟಾಲುಗಟ್ಟಲೆ ಬೀಡುಕಬ್ಬಿಣ. ಪೋಲಾಗುವ ಬಿಸಿಯೇ ಕಡಿಮೆ, ನಮಗೆ ಸಿಗುವುದೂ ಅಷ್ಟೇ. ಅದಕ್ಕೇ ಇಲ್ಲಿನವರು ಚಳಿಗಾಲದಲ್ಲಿ ಗ್ರಿಲ್ಲಿಗೆ ಹೊದಿಕೆ ಕಟ್ಟುವುದು, ರಾತ್ರಿ ಬ್ಲಾಕ್ ಹೀಟರಿನ ವೈರನ್ನು ಪ್ಲಗ್ಗಿಗೆ ಸಿಕ್ಕಿಸಿ ಮಲಗುವುದು. ಎಂಜಿನ್ನಿನ ಸ್ವಭಾವಕ್ಕೆ ಬಿಡಿಭಾಗ ಮಾರುವ ಅಂಗಡಿ ಇದ್ದರೆ ತಿಳಿಸಿ, ಹೋಗಿ ಬರುತ್ತೇನೆ.

ಕೊನೆಯದಾಗಿ, ನಿಮ್ಮಲ್ಲೊಬ್ಬರು ಡ್ಯಾಶ್‌ಬೋರ್ಡ್ ಬಿಚ್ಚುವ ಉತ್ಸಾಹದಲ್ಲಿ ತಂದಿಟ್ಟ ಸಾಕೆಟ್ ಸೆಟ್ ನನ್ನ ಗ್ಯಾರೇಜಿನಲ್ಲೇ ಇದೆ, ಬಂದು ಒಯ್ಯಬಹುದು. ಹತ್ತು ಎಂ.ಎಂ. ಸಾಕೆಟ್ ಮಾತ್ರ ಪೆಟ್ಟಿಗೆಯಲ್ಲಿಲ್ಲ. ಅದು ಹೀಟರ್ ಕೋರಿನೊಳಗೆ ಸಿಕ್ಕಿಕೊಂಡಿದೆ ಎಂದು ಯಾರೂ ಹೇಳಬೇಡಿ.

ಇಂತಿ,
ಸದ್ಯಕ್ಕೆ ಬೆಚ್ಚಗಿರುವ ನಿಮ್ಮವ